ಮಂಡಿ (ಸರ್ಕಾರದ ನಿಯಂತ್ರಣದ ಕೃಷಿ ಮಾರುಕಟ್ಟೆ) ಹೊರಗೆ ಮಾರುವ ಸ್ವಾತಂತ್ರ್ಯವನ್ನು ಕೇಂದ್ರದ ಹೊಸ ಕೃಷಿ ಕಾಯ್ದೆಗಳು ಕೊಟ್ಟರೂ 2020ರಲ್ಲಿ ಪಂಜಾಬ್ ರೈತರು ಯಾಕೆ ವಿರೋಧಿಸಿದರು?

ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಂಬಲ ಬೆಲೆ ತೆಗೆಯುತ್ತೇವೆ ಅಂತ ಆ ಮೂರು ಕೃಷಿ ಕಾಯ್ದೆಗಳಲ್ಲಿ ಎಲ್ಲೂ ಇರಲಿಲ್ಲ, ನಿಜ. ಭಯ ಇದ್ದದ್ದು ಬೇರೆ ಕಡೆ. ಪಂಜಾಬಿನ ಗೋಧಿ, ಭತ್ತದಲ್ಲಿ ಬಹುಪಾಲನ್ನು ಸರ್ಕಾರವೇ ಬೆಂಬಲ ಬೆಲೆಗೆ ಕೊಳ್ಳುತ್ತದೆ, ಅದೂ ಮಂಡಿಯ ಮೂಲಕ. ಅಲ್ಲಿ ಮಾರುಕಟ್ಟೆ ಶುಲ್ಕ, ಗ್ರಾಮೀಣಾಭಿವೃದ್ಧಿ ಶುಲ್ಕ, ದಲ್ಲಾಳಿ ಕಮಿಷನ್ ಎಲ್ಲ ಸೇರಿ ಖರೀದಿದಾರರಿಗೆ ಸುಮಾರು 8.5% ಬೀಳುತ್ತಿತ್ತು. ಮಂಡಿ ಹೊರಗಿನ ವ್ಯಾಪಾರಕ್ಕೆ ರಾಜ್ಯ ಶುಲ್ಕ ಹಾಕುವಂತಿಲ್ಲ ಎಂದಿತು ಹೊಸ ಕಾಯ್ದೆ. ಹಾಗಾದರೆ ವ್ಯಾಪಾರ ಹೊರಗೇ ಹೋಗುತ್ತದೆ ಅಲ್ವಾ? ಖಾಸಗಿಯವರು ಮೊದಮೊದಲು ನಾಲ್ಕು ಕಾಸು ಜಾಸ್ತಿಯೇ ಕೊಡಬಹುದು. ಮಂಡಿ ಸೊರಗಿದ ಮೇಲೆ ಅವರು ಹೇಳಿದ್ದೇ ರೇಟು. ಬಿಹಾರ 2006ರಲ್ಲೇ ಮಂಡಿಗಳನ್ನು ನಡೆಸುವ ಎಪಿಎಂಸಿ ಕಾಯ್ದೆ ರದ್ದು ಮಾಡಿತ್ತು. ಅಲ್ಲಿ ರೈತರು ಬೆಂಬಲ ಬೆಲೆಗಿಂತ ಕಡಿಮೆಗೆ ಭತ್ತ ಮಾರುವುದು ಮಾಮೂಲು.

ಹೊಸ ಕಾಯ್ದೆಯಲ್ಲಿ ಇನ್ನೊಂದು ವಿಷಯವೂ ಇತ್ತು. ವ್ಯಾಪಾರಿ ದುಡ್ಡು ಕೊಡದಿದ್ದರೆ ರೈತ ಸಿವಿಲ್ ಕೋರ್ಟಿಗೆ ಹೋಗುವಂತಿರಲಿಲ್ಲ, ಉಪವಿಭಾಗಾಧಿಕಾರಿ ಕಚೇರಿಗೇ ಅಲೆಯಬೇಕಿತ್ತು.

ಸುಧಾರಣೆ ಬೇಕು ಅಂತಲೇ ನಾನೂ ಹೇಳುತ್ತೇನೆ. ಸರ್ಕಾರ ಕೊಳ್ಳುತ್ತದೆಂದು ಭತ್ತವನ್ನೇ ಬೆಳೆದು, ಅದಕ್ಕೆ ನೀರೆತ್ತಿ ಎತ್ತಿ ಪಂಜಾಬಿನ ಅಂತರ್ಜಲ ಪಾತಾಳ ಕಂಡಿದೆ. ಆದರೆ ಕೋವಿಡ್ ನಡುವೆ ಸುಗ್ರೀವಾಜ್ಞೆ ತಂದು, ರಾಜ್ಯಸಭೆಯಲ್ಲಿ ಮತ ಎಣಿಸದೆ ಧ್ವನಿಮತದಿಂದ ಪಾಸು ಮಾಡಿದ್ದು ತಪ್ಪು. ದೆಹಲಿ ಗಡಿಯಲ್ಲಿ ಒಂದು ವರ್ಷ ಧರಣಿ ನಡೆದ ಮೇಲೆ, 2021ರ ನವೆಂಬರ್‌ನಲ್ಲಿ ಸರ್ಕಾರ ಮೂರನ್ನೂ ವಾಪಸ್ ಪಡೆಯಿತು.