ಕಚೇರಿಯ ಮೇಜಿಗೆ ಕ್ರಿಸ್‌ಮಸ್ ಸಿಂಗಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಕ್ಯೂಬಿಕಲ್‌ನ ಅಡ್ಡಗೋಡೆಗೆ ಬಟ್ಟೆ ಹೊದಿಸಿದ್ದಾರೆ. ಡಬಲ್ ಸೈಡ್ ಟೇಪ್ ಹಾಕಿ ಅಂಟಿಸಿದ ತೋರಣ ಮರುದಿನವೇ ನೆಲದ ಮೇಲಿರುತ್ತದೆ. ಅದು ನಿಲ್ಲುವಂತೆ ಮಾಡುವುದು ಹೇಗೆ?

ಉತ್ತರ: ಬಟ್ಟೆಗೆ ಟೇಪ್ ಬೇಡವೇ ಬೇಡ. ಅಂಟು ಹಿಡಿಯಬೇಕಾದರೆ ನಯವಾದ ಮೈ ಬೇಕು. ಬಟ್ಟೆಯ ಮೇಲೆ ಅದು ಎಳೆಗಳ ತುದಿಯನ್ನಷ್ಟೇ ಹಿಡಿದುಕೊಂಡಿರುತ್ತದೆ, ಭಾರ ಬಿದ್ದಂತೆ ನಿಧಾನವಾಗಿ ಬಿಟ್ಟುಕೊಡುತ್ತದೆ. ತಲೆ ಅಡ್ಡಕ್ಕಿರುವ ಟಿ ಪಿನ್ ತಂದು, ಮೊನೆ ಕೆಳಮುಖವಾಗಿರುವಂತೆ ಓರೆಯಾಗಿ ಚುಚ್ಚಿ. ನೇರವಾಗಿ ಚುಚ್ಚಿದ ಪಿನ್ನು ಭಾರಕ್ಕೆ ಜಾರಿ ಹೊರಬರುತ್ತದೆ. ಗೋಡೆಯ ಮೇಲಂಚು ತೆಳ್ಳಗಿದ್ದರೆ ಬೈಂಡರ್ ಕ್ಲಿಪ್ಪೇ ಸಾಕು.

ಇನ್ನು ಅಳತೆ. ಅಂದಾಜಿನಲ್ಲಿ ಕೊಂಡ ತೋರಣ ಒಂದೋ ಬಿಗಿದ ಹಗ್ಗದಂತಿರುತ್ತದೆ, ಇಲ್ಲವೇ ಮಾನಿಟರ್ ಮೇಲೆ ಬಂದು ಬೀಳುತ್ತದೆ. ಪಿನ್ನುಗಳ ನಡುವೆ 50 ಸೆಂ.ಮೀ. ಅಂತರವಿಟ್ಟು ತೋರಣಕ್ಕೆ 60 ಸೆಂ.ಮೀ. ಬಿಟ್ಟರೆ ಮಧ್ಯದಲ್ಲಿ ಸುಮಾರು 15 ಸೆಂ.ಮೀ. ಇಳಿಬೀಳುತ್ತದೆ. 75 ಸೆಂ.ಮೀ. ಬಿಟ್ಟರೆ ಇಳಿಜೋಲು ಸುಮಾರು 25 ಸೆಂ.ಮೀ. ಆಗುತ್ತದೆ. ಮೇಜಿನ ಹಿಂದಿನ ಗೋಡೆಗೆ ಮೊದಲಿನದೇ ಚೆಂದ. ಆ ಲೆಕ್ಕದಲ್ಲಿ 150 ಸೆಂ.ಮೀ. ಅಗಲದ ಗೋಡೆಗೆ ಮೂರು ಕಮಾನು, ಅಂದರೆ 180 ಸೆಂ.ಮೀ.; ಎರಡೂ ತುದಿಯಲ್ಲಿ ತೂಗುಬಿಡಲು ತಲಾ 15 ಸೇರಿಸಿ 210 ಸೆಂ.ಮೀ. ತೆಗೆದುಕೊಳ್ಳಿ.

ಗಾಜು, ಲ್ಯಾಮಿನೇಟ್ ಅಥವಾ ಪೇಂಟ್ ಮಾಡಿದ ಗೋಡೆಯಾದರೆ, ಎಳೆದರೆ ಹಿಗ್ಗಿ ಬಿಡಿಸಿಕೊಳ್ಳುವ ಅಂಟುಪಟ್ಟಿಯ ಕೊಕ್ಕೆ ಒಳ್ಳೆಯದು. ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ನೆಲ, ಗಾಜು ಒರೆಸುವ ದ್ರಾವಣ ಬಳಸಿದರೆ ಅದರ ಪದರ ಉಳಿದು ಅಂಟು ಹಿಡಿಯುವುದಿಲ್ಲ. 30 ಸೆಕೆಂಡು ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ತೂಗುಹಾಕಿ. ತೆಗೆಯುವಾಗ ಪಟ್ಟಿಯನ್ನು ಗೋಡೆಗೆ ಒತ್ತಿದಂತೆಯೇ ನೇರ ಕೆಳಕ್ಕೆ, ನಿಧಾನವಾಗಿ ಎಳೆಯಬೇಕು. ನಿಮ್ಮ ಕಡೆಗೆ ಎಳೆದಿರೋ, ಪೇಂಟೂ ಜೊತೆಗೇ ಬರುತ್ತದೆ.

ಪ್ರಶ್ನೆ: ಸೀರಿಯಲ್ ಸೆಟ್ಟನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಚುಚ್ಚಬಹುದೇ, ಬ್ಯಾಟರಿಯದ್ದು ಮೇಲೋ?

ಉತ್ತರ: ಚುಚ್ಚಬಹುದು, ಆದರೆ ಮೊದಲು ಚೀಟಿ ಓದಿ. ಯುಎಸ್‌ಬಿ 2.0 ಕಿಂಡಿಯಿಂದ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್, 3.0 ಕಿಂಡಿಯಿಂದ 900 ಮಿಲಿಆಂಪಿಯರ್ ಸಿಗುತ್ತದೆ. ಸರದ ಮೇಲೆ 5 ವೋಲ್ಟ್, 0.3 ಆಂಪಿಯರ್ ಎಂದಿದ್ದರೆ ಚಿಂತೆಯಿಲ್ಲ. ಮೌಸು, ಕೀಬೋರ್ಡು, ಹಾರ್ಡ್‌ಡಿಸ್ಕು ಎಲ್ಲವೂ ಒಂದೇ ಹಬ್‌ನಲ್ಲಿದ್ದರೆ ದೀಪ ಅಲ್ಲಿಗೆ ಬೇಡ. ಹಂಚಿಕೊಳ್ಳುವ ವಿದ್ಯುತ್ತು ಸಾಲದೆ ಹಾರ್ಡ್‌ಡಿಸ್ಕ್ ಸಂಪರ್ಕ ತಪ್ಪಬಹುದು. ಕಂಪ್ಯೂಟರಿಗೆ ಹೊರಗಿನದೇನನ್ನೂ ಚುಚ್ಚಬಾರದೆಂಬ ನಿಯಮ ನಿಮ್ಮಲ್ಲಿದ್ದರೆ ಮೊಬೈಲ್ ಚಾರ್ಜರ್ ಬಳಸಿ.

ಬ್ಯಾಟರಿಯದ್ದಾದರೆ ಎಎ ಸೆಲ್ ಹಾಕುವಂಥದ್ದನ್ನೇ ಆರಿಸಿ. ಸಿಆರ್2032 ಬಟನ್ ಸೆಲ್ಲಿನಲ್ಲಿರುವುದು ಸುಮಾರು 220 ಮಿಲಿಆಂಪಿಯರ್-ಗಂಟೆ. ಸರ 20 ಮಿಲಿಆಂಪಿಯರ್ ಎಳೆದರೂ ಲೆಕ್ಕಕ್ಕೆ 11 ಗಂಟೆ, ಅಂದರೆ ಎರಡು ದಿನದ ಕೆಲಸಕ್ಕೂ ಸಾಲದು. ಆಲ್ಕಲೈನ್ ಎಎ ಸೆಲ್ಲಿನಲ್ಲಿ ಸುಮಾರು 2000 ಇರುತ್ತದೆ. ಮೂರು ಸೆಲ್ಲಿನ ಡಬ್ಬಿಯಿಂದ 50 ಮಿಲಿಆಂಪಿಯರ್ ಎಳೆಯುವ ಸರ 40 ಗಂಟೆಯ ಹತ್ತಿರ ಉರಿಯುತ್ತದೆ. ದಿನಕ್ಕೆ 8 ಗಂಟೆಯಂತೆ ಒಂದು ವಾರದ ಕೆಲಸಕ್ಕಾಯಿತು.

ಮಿನುಗುವ ಮೋಡನ್ನು ದಯವಿಟ್ಟು ಆಫ್ ಮಾಡಿ. ಸೆಕೆಂಡಿಗೆ 3ರಿಂದ 30 ಬಾರಿ ಮಿಂಚುವ ಬೆಳಕು, ಬೆಳಕಿಗೆ ಪ್ರತಿಕ್ರಿಯಿಸುವ ಬಗೆಯ ಮೂರ್ಛೆರೋಗ ಇರುವವರಲ್ಲಿ ಫಿಟ್ಸ್ ತರಬಹುದು, ಮೈಗ್ರೇನ್ ಇರುವವರಿಗೂ ಹಿಂಸೆ. ಅಂಥದ್ದೇನೂ ಇಲ್ಲದವರಿಗೂ ಕಣ್ಣಂಚಿನಲ್ಲಿ ಏನಾದರೂ ಅಲುಗುತ್ತಿದ್ದರೆ ಗಮನ ಅತ್ತಲೇ ಹೋಗುತ್ತದೆ. ಸ್ಥಿರವಾಗಿ ಉರಿಯುವ, 2700ರಿಂದ 3000 ಕೆಲ್ವಿನ್‌ನ ಹಳದಿ ಛಾಯೆಯ ದೀಪ ಸಾಕು.

ಎಲ್ಲಿ ಕಟ್ಟಬೇಕೆಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ದೀಪ ಹಚ್ಚಿ, ಮಾನಿಟರ್ ಆಫ್ ಮಾಡಿ, ಎಂದಿನಂತೆ ಕುರ್ಚಿಯಲ್ಲಿ ಕುಳಿತು ಆ ಕಪ್ಪು ಪರದೆಯನ್ನೇ ನೋಡಿ. ಬೆಳಕಿನ ಚುಕ್ಕೆಗಳು ಕಂಡರೆ ಸರ ನಿಮ್ಮ ಬೆನ್ನ ಹಿಂದಿದೆ ಎಂದರ್ಥ. ಕೆಲಸ ಮಾಡುವಾಗಲೂ ಅವು ಅಕ್ಷರಗಳ ಮೇಲೆ ತೇಲುತ್ತಿರುತ್ತವೆ. ಮಾನಿಟರಿನ ಹಿಂಬದಿಗೋ ಮೇಜಿನ ಅಂಚಿನ ಕೆಳಕ್ಕೋ ಸರಿಸಿ.

ಪ್ರಶ್ನೆ: ಮೇಜಿನ ಮೇಲೆ ಪುಟ್ಟ ಕ್ರಿಸ್‌ಮಸ್ ಮರ ಇಡುವ ಆಸೆ. ಡಬ್ಬಿಯಿಂದ ತೆಗೆದ ಮರ ಮಾತ್ರ ಬಾಟಲಿ ತೊಳೆಯುವ ಬ್ರಷ್‌ನಂತೆ ಕಾಣುತ್ತಿದೆ.

ಉತ್ತರ: ಕೊಂಬೆ ಬಿಡಿಸದ ಮರ ಹಾಗೆಯೇ ಕಾಣುವುದು. ಕೆಳಗಿನ ಸುತ್ತಿನಿಂದ ಶುರುಮಾಡಿ. ಪ್ರತಿ ಕೊಂಬೆಯಲ್ಲೂ ಕಾಂಡಕ್ಕೆ ಹತ್ತಿರದ ಕಡ್ಡಿಗಳನ್ನು ಮೊದಲು ಬಿಡಿಸಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಒಂದನ್ನು ಮೇಲಕ್ಕೆ ಬಾಗಿಸುತ್ತಾ ತುದಿಗೆ ಬನ್ನಿ. ತುದಿಯಷ್ಟೇ ಅರಳಿಸಿದರೆ ನಡುವಿನ ಕಂಬ ಇಣುಕುತ್ತದೆ. 60 ಸೆಂ.ಮೀ. ಮರಕ್ಕೆ ಹದಿನೈದು ನಿಮಿಷವಾದರೂ ಕೊಡಿ. ಇಡೀ ಅಲಂಕಾರದಲ್ಲಿ ಹೆಚ್ಚು ಫಲ ಕೊಡುವ ಹದಿನೈದು ನಿಮಿಷ ಅದು.

ದೀಪ ಮೊದಲು, ರಿಬ್ಬನ್ ಆಮೇಲೆ, ಗುಂಡುಗಳು ಕೊನೆಗೆ. ದೊಡ್ಡ ಮರಗಳಿಗೆ ಅಡಿಗೆ 100 ಬಲ್ಬ್ ಎನ್ನುವ ಲೆಕ್ಕ ಬಳಕೆಯಲ್ಲಿದೆ, ಆದರೆ ಒಂದು ಮೊಳ ದೂರದಲ್ಲಿ ಕುಳಿತು ನೋಡುವ ಮರಕ್ಕೆ ಅಷ್ಟಾದರೆ ಕಣ್ಣು ಕುಕ್ಕುತ್ತದೆ. 5 ಮೀಟರಿನ, 50 ಬಲ್ಬಿನ ತಂತಿ ಧಾರಾಳವಾಯಿತು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್‌ನ ಸಹವರ್ತಿ ಎಡ್ವರ್ಡ್ ಜಾನ್ಸನ್ ಮೊದಲ ಬಾರಿಗೆ ಕ್ರಿಸ್‌ಮಸ್ ಮರಕ್ಕೆ ವಿದ್ಯುದ್ದೀಪ ಹಾಕಿದಾಗ ಇದ್ದದ್ದು ಕೆಂಪು, ಬಿಳಿ, ನೀಲಿ ಸೇರಿ 80 ಬಲ್ಬ್ ಮಾತ್ರ. ನೋಡಿದವರಿಗೆ ಅದೇ ಬೆರಗು.

5 ಸೆಂ.ಮೀ. ಗುಂಡುಗಳನ್ನು ಕೆಳಗೆ, ಒಳಗೆ ಕಟ್ಟಿ, 3 ಸೆಂ.ಮೀ. ಗುಂಡುಗಳು ತುದಿಗಳಿಗಿರಲಿ. ಬುಡ ಹಗುರಾಗಿದ್ದರೆ ಫೈಲ್ ತಗುಲಿದರೂ ಮರ ಉರುಳುತ್ತದೆ. ಬುಡವನ್ನು ಒಂದು ಕುಂಡದಲ್ಲಿಟ್ಟು ಸುತ್ತ ಬೆಣಚುಕಲ್ಲು ತುಂಬಿ.

ಪ್ರಶ್ನೆ: ಕಾಗದದಲ್ಲಿ ಕತ್ತರಿಸಿದ ಹಿಮದ ಹರಳು ಪ್ರತಿ ಸಲವೂ ಎಂಟು ಎಸಳಿನ ಹೂವಾಗುತ್ತದೆ. ಏಕೆ?

ಉತ್ತರ: ಅರ್ಧ, ಮತ್ತರ್ಧ ಎಂದು ಮಡಿಸುತ್ತಲೇ ಹೋದರೆ ಎಸಳುಗಳು ನಾಲ್ಕೋ ಎಂಟೋ ಆಗುತ್ತವೆ. ಹಿಮದ ಹರಳಿಗಿರುವುದು ಆರು ತೋಳು, ಹಾಗಾಗಿ ಒಮ್ಮೆ ಮೂರು ಪಾಲು ಮಾಡಲೇಬೇಕು. ಚೌಕ ಕಾಗದವನ್ನು ಕರ್ಣದ ಮೇಲೆ ಮಡಿಸಿ, ಬಂದ ತ್ರಿಕೋನವನ್ನು ಇನ್ನೊಮ್ಮೆ ಅರ್ಧಕ್ಕೆ ಮಡಿಸಿ. ಈಗ ಮೂಲ ಕಾಗದದ ನಡುಬಿಂದು 90 ಡಿಗ್ರಿಯ ಮೂಲೆಯಾಗಿದೆ. ಆ ಮೂಲೆಯನ್ನು 30 ಡಿಗ್ರಿಯ ಮೂರು ಪಾಲಾಗಿ, ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಡಿಸಿ. ಮೇಲೆ ಏರುಪೇರಾಗಿ ಚಾಚಿದ ಕಿವಿಗಳನ್ನು ಓರೆಯಾಗಿ ಕತ್ತರಿಸಿ ತೆಗೆದು, ಎರಡೂ ಅಂಚಿನಲ್ಲಿ ಕಚ್ಚು ಹಾಕಿ. ಕಚ್ಚುಗಳು ಒಂದನ್ನೊಂದು ಮುಟ್ಟಿದರೆ ಹರಳು ತುಂಡಾಗುತ್ತದೆ. ಕತ್ತರಿ ಹನ್ನೆರಡು ಪದರ ಸೀಳಬೇಕಾದ್ದರಿಂದ ಪ್ರಿಂಟರಿನ 70–80 ಜಿಎಸ್ಎಂ ಹಾಳೆಗಿಂತ ದಪ್ಪದ್ದು ಬೇಡ.

ಪ್ರಶ್ನೆ: ಚಾವಣಿಯಿಂದ ಇಳಿಬಿಟ್ಟಿದ್ದ ನಕ್ಷತ್ರಗಳನ್ನು ಸುರಕ್ಷತಾ ಸಿಬ್ಬಂದಿ ತೆಗೆಸಿದರು. ಕಾಗದದ ನಕ್ಷತ್ರದಿಂದ ಏನು ತೊಂದರೆ?

ಉತ್ತರ: ಅವರು ಮಾಡಿದ್ದು ಸರಿ. ಬೆಂಕಿ ಬಿದ್ದಾಗ ಸ್ಪ್ರಿಂಕ್ಲರ್ ನೀರನ್ನು ಕೊಡೆಯಂತೆ ಹರಡುತ್ತದೆ. ಅದರ ಕೆಳಗೆ 45 ಸೆಂ.ಮೀ.ವರೆಗೆ ಜಾಗ ಖಾಲಿಯಿಲ್ಲದಿದ್ದರೆ ನೀರಿಗೆ ಅಡ್ಡಿಯಾಗಿ, ಅದು ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಹೊಗೆ ಪತ್ತೆ ಯಂತ್ರ, ನಿರ್ಗಮನ ಫಲಕ, ತುರ್ತು ದೀಪ, ಬೆಂಕಿ ಆರಿಸುವ ಸಿಲಿಂಡರ್, ಇವು ಯಾವುವನ್ನೂ ಮರೆಮಾಡಬಾರದು. ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದನ್ನು ಚುಚ್ಚುವುದು, ಕುರ್ಚಿಯ ಗಾಲಿ ಓಡಾಡುವಲ್ಲಿ ವೈರ್ ಎಳೆಯುವುದು, ನಿಜವಾದ ಮೊಂಬತ್ತಿ ಹಚ್ಚುವುದು ಮೂರೂ ಕೂಡದು. ನಕ್ಷತ್ರಗಳನ್ನು ಕಿಟಕಿಯ ಗಾಜಿಗೆ ಹಚ್ಚಿ.

ಪ್ರಶ್ನೆ: ಮಿನುಗುಪುಡಿ, ಹಿಮದ ಸ್ಪ್ರೇ?

ಉತ್ತರ: ಎರಡೂ ಬೇಡ. ಮಿನುಗುಪುಡಿ ಕೀಬೋರ್ಡಿನ ಸಂದಿಗೆ ಹೋದರೆ ತಿಂಗಳುಗಟ್ಟಲೆ ಅಲ್ಲೇ. ಜರಿ ಹಾರವನ್ನೂ ಸಿಪಿಯು ಫ್ಯಾನು, ಪ್ಲಗ್ಗುಗಳಿಂದ ದೂರವಿಡಿ. ಅದರ ಲೋಹದ ಲೇಪದಲ್ಲಿ ವಿದ್ಯುತ್ ಹರಿಯಬಹುದು.

ಪ್ರಶ್ನೆ: ಪಕ್ಕದ ಮೇಜಿನವರು ಕ್ರಿಸ್‌ಮಸ್ ಆಚರಿಸುವುದಿಲ್ಲ. ಗೋದಲಿ ಇಟ್ಟರೆ ತಪ್ಪಾದೀತೇ?

ಉತ್ತರ: ನಿಮ್ಮ ಮೇಜಿನ ಮೇಲೆ ಅಂಗೈಯಗಲದ ಗೋದಲಿ ಇಡುವುದರಲ್ಲಿ ತಪ್ಪೇನಿದೆ? ಹಂಚಿಕೊಂಡ ಅಡ್ಡಗೋಡೆ, ಸುವಾಸನೆ, ಹಾಡು ಈ ಮೂರಕ್ಕೆ ಮಾತ್ರ ಮೊದಲೇ ಅವರನ್ನು ಕೇಳಿ. ಸುವಾಸನೆಯಂತೂ ಗೋಡೆ ನೋಡಿ ನಿಲ್ಲುವುದಿಲ್ಲ. ಆಗದವರಿಗೆ ತಲೆನೋವು ಖಚಿತ.

ಪ್ರಶ್ನೆ: ಯಾವಾಗ ತೆಗೆಯಬೇಕು? ಪ್ರತಿ ವರ್ಷ ದೀಪದ ಸರ ಗಂಟುಗಂಟಾಗುತ್ತದೆ.

ಉತ್ತರ: ಕ್ರಿಸ್‌ಮಸ್ ಕಾಲ ಹನ್ನೆರಡು ದಿನದ್ದು, ಹಾಗಾಗಿ ಜನವರಿ 5 ಅಥವಾ 6ರಂದು ತೆಗೆಯುವ ರೂಢಿಯಿದೆ. ರಟ್ಟಿನ ತುಂಡಿನ ಒಂದಂಚಿಗೆ ಕಚ್ಚು ಮಾಡಿ ಸರದ ಕೊನೆಯ ಬಲ್ಬಿನ ತುದಿಯನ್ನು ಸಿಕ್ಕಿಸಿ, ಅಲ್ಲಿಂದ ಸುತ್ತುತ್ತಾ ಬನ್ನಿ. ಆಗ ಪ್ಲಗ್ ಹೊರಗೆ ಉಳಿಯುತ್ತದೆ, ಮುಂದಿನ ಡಿಸೆಂಬರಿನಲ್ಲಿ ಬಿಚ್ಚುವ ಮೊದಲೇ ಉರಿಸಿ ನೋಡಬಹುದು. ಸೆಲ್ಲುಗಳನ್ನು ಅಂದೇ ಹೊರತೆಗೆಯಿರಿ. ಒಳಗೇ ಬಿಟ್ಟವು ಸೋರಿ, ಡಬ್ಬಿಯ ಸ್ಪ್ರಿಂಗಿಗೆ ಬಿಳಿ ಪುಡಿ ಕಟ್ಟಿ ತುಕ್ಕು ಹಿಡಿಯುತ್ತದೆ.