ನದಿ ದಡದಲ್ಲೇ ನಾಗರಿಕತೆ ಏಕೆ?

ಪ್ರಶ್ನೆ: ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಆದರೂ ಜನ ಬಾಳಿದರು. ಹಳೆಯ ನಾಗರಿಕತೆಗಳಿಗೆ ಮಾತ್ರ ನದಿಯೇ ಏಕೆ ಬೇಕಿತ್ತು?

ಉತ್ತರ: ಬರೀ ನೀರಿಗಲ್ಲ, ಮಣ್ಣಿಗೂ ಬೇಕಿತ್ತು. ಇಥಿಯೋಪಿಯಾದ ಬೆಟ್ಟಗಳಲ್ಲಿ ಮಳೆ ಸುರಿದರೆ ಈಜಿಪ್ಟಿನಲ್ಲಿ ನೈಲ್ ಉಕ್ಕುತ್ತಿತ್ತು. ನೆರೆ ಇಳಿದ ಮೇಲೆ ಕಪ್ಪು ಮೆಕ್ಕಲು ಉಳಿಯುತ್ತಿತ್ತು. ಆ ಹಸಿ ಮಣ್ಣಿನಲ್ಲೇ ಗೋಧಿ, ಬಾರ್ಲಿ ಬಿತ್ತುತ್ತಿದ್ದರು. ನೆರೆ ಎಷ್ಟು ಏರಿತು ಅಂತ ಅಳೆಯಲು ದಡದಲ್ಲಿ ಗುರುತು ಕೊರೆದ ಮೆಟ್ಟಿಲುಗಳಿದ್ದವು. ಕಂದಾಯಕ್ಕೂ ಅದೇ ಲೆಕ್ಕ!

ಇಂದಿನ ಇರಾಕಿನ ಟೈಗ್ರಿಸ್, ಯೂಫ್ರಟಿಸ್ ನದಿಗಳು ಹಾಗಲ್ಲ. ಅಲ್ಲಿ ಕೊಯ್ಲಿನ ಹೊತ್ತಿಗೇ ನೆರೆ. ಹಾಗಾಗಿ ಏರಿ, ಕಾಲುವೆಗೆ ಊರೆಲ್ಲ ಸೇರಿ ದುಡಿಯಬೇಕಿತ್ತು. ಅಲ್ಲಿನ ಆಡಳಿತ ಬೆಳೆಯಲು ಇದೂ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ಸಿಂಧೂ ಬಯಲಿಗೂ ಮೆಕ್ಕಲೇ ಆಧಾರ.

ನಮ್ಮಲ್ಲಿ ಆ ಕೆಲಸ ಕೆರೆಗಳದ್ದು. ಹೂಳನ್ನು ಹೊಲಕ್ಕೆ ಹೊಡೆಯುತ್ತೇವಲ್ವಾ, ಅದೇ ಮೆಕ್ಕಲು. ಗಂಗರು ಮೊದಲು ಆಳಿದ್ದು ಕೋಲಾರದಿಂದಲೇ, ಆಮೇಲೆ ಕಾವೇರಿ ದಡದ ತಲಕಾಡಿಗೆ ಹೋದರು.