ಫೋಟೋ ಅಂದರೆ ನಿಜ ಅಂತ ಯಾರು ಹೇಳಿದರು?

ನಮಸ್ಕಾರ,

ಅಮೆರಿಕದ ಅಂತರ್ಯುದ್ಧದ ಚಿತ್ರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ.

ನಿಮ್ಮ ವಾದ ಇಷ್ಟೇ: ಜನ ಮನೆಗೆ ಕೊಂಡುಹೋಗುತ್ತಿದ್ದ ಕರಿಯರ್ ಅಂಡ್ ಐವ್ಸ್ ಕಂಪನಿಯ ಅಚ್ಚಿನ ಚಿತ್ರಗಳು ಸುಳ್ಳು, ಫೋಟೋ ನಿಜ. ಮೊದಲನೆಯದು ಹೆಚ್ಚುಕಮ್ಮಿ ಸರಿ. ಅಲ್ಲಿ ಸೈನಿಕರ ಸಾಲು ಕೆಡುವುದಿಲ್ಲ, ಬಾವುಟ ಬಾಗುವುದಿಲ್ಲ. ಎರಡನೆಯದಕ್ಕೆ ನೀವು ಕೊಟ್ಟ ಸಾಕ್ಷಿಯೇ ನಿಮಗೆ ಕೈಕೊಡುತ್ತದೆ. 1863ರ ಜುಲೈನಲ್ಲಿ, ಆ ಯುದ್ಧದ ಒಂದು ರಣರಂಗವಾದ ಗೆಟಿಸ್‌ಬರ್ಗ್‌ನಲ್ಲಿ ಅಲೆಕ್ಸಾಂಡರ್ ಗಾರ್ಡ್ನರ್ ತಂಡ ತೆಗೆದ ಫೋಟೋ ಅದು, ಬಂಡೆಗಳ ನಡುವೆ ಸತ್ತುಬಿದ್ದ ಗುರಿಕಾರ, ಅಂದರೆ ಗುರಿಯಿಟ್ಟು ಹೊಡೆಯುವುದರಲ್ಲಿ ಪಳಗಿದ ಸೈನಿಕ. ಅದೇ ಹೆಣ ಬೇರೆ ಜಾಗದಲ್ಲಿ ತೆಗೆದ ಫೋಟೋಗಳಲ್ಲೂ ಇದೆ! ಎತ್ತಿ ತಂದು ಮಲಗಿಸಿದ್ದಾರೆ, ಪಕ್ಕಕ್ಕೆ ಒರಗಿಸಿದ ಕೋವಿಯೂ ಗುರಿಕಾರರ ಕೋವಿಯಲ್ಲ. 1975ರಲ್ಲಿ ಇತಿಹಾಸಕಾರ ವಿಲಿಯಂ ಫ್ರಾಸನಿಟೋ ಈ ಫೋಟೋಗಳನ್ನು ಜೋಡಿಸಿ ನೋಡಿ ಇದನ್ನು ತೋರಿಸಿಕೊಟ್ಟರು. ನಾಲ್ಕು ತಿಂಗಳ ನಂತರ ಮತ್ತೆ ಹೋದಾಗಲೂ ಕೋವಿ ಅಲ್ಲೇ ಇತ್ತು ಅಂತ ಗಾರ್ಡ್ನರ್ ಬರೆದುಕೊಂಡಿದ್ದಾನೆ. ಅಷ್ಟು ದಿನ ಯಾರೂ ಎತ್ತಿಕೊಂಡು ಹೋಗದೆ ಬಿಟ್ಟಿದ್ದರಂತೆ, ನಂಬೋಣ್ವಾ?

ಇನ್ನೊಂದು ತಪ್ಪು. ಅದೇ ಯುದ್ಧದ ಮತ್ತೊಂದು ರಣರಂಗವಾದ ಆಂಟೀಟಮ್‌ನಲ್ಲಿ ಗುಂಡು ಹಾರುತ್ತಿರುವಾಗಲೇ ಮ್ಯಾಥ್ಯೂ ಬ್ರೇಡಿ ಫೋಟೋ ತೆಗೆದ ಅಂತ ಬರೆದಿದ್ದೀರಿ. ತೆಗೆದದ್ದು ಆಗ ಅವನ ಕೈಕೆಳಗಿದ್ದ ಗಾರ್ಡ್ನರ್, ಅದೂ ಕಾಳಗ ಮುಗಿದ ಮೇಲೆ. 1862ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ತನ್ನ ಗ್ಯಾಲರಿಯಲ್ಲಿ ಬ್ರೇಡಿ ಅವನ್ನು ತೂಗುಹಾಕಿದ, ಹೆಸರೂ ಅವನದೇ ಆಯಿತು. ಕಾಳಗದ ನಡುವೆ ತೆಗೆಯಲು ಆಗುತ್ತಲೂ ಇರಲಿಲ್ಲ. ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕು, ಕೆಲವು ಸೆಕೆಂಡು ಯಾರೂ ಅಲುಗಾಡಬಾರದು. ಓಡುವವನು ಬರೀ ಮಬ್ಬು. ಅಲುಗಾಡದೆ ಇರುವವರು ಯಾರು? ಪೋಸು ಕೊಟ್ಟು ಕೂತ ಅಧಿಕಾರಿಗಳು, ಇಲ್ಲವೇ ಸತ್ತವರು. ನಿಮ್ಮ ಲೇಖನದ ಜೀವ ಇಲ್ಲಿದೆ, ನೀವು ಸುಮ್ನೆ ದಾಟಿಕೊಂಡು ಹೋಗಿದ್ದೀರಿ.

ಪತ್ರಿಕೆಗಳಿಗೆ ಆಗ ಫೋಟೋವನ್ನು ನೇರವಾಗಿ ಅಚ್ಚು ಹಾಕಲಾಗುತ್ತಿರಲಿಲ್ಲ ಅನ್ನುವುದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಬೆಳೆಸಿ. ಹಾರ್ಪರ್ಸ್ ವೀಕ್ಲಿ ಓದುಗರು ನೋಡಿದ್ದು ಫೋಟೋ ನೋಡಿ ಮರದ ಮೇಲೆ ಕೆತ್ತಿದ ಚಿತ್ರವನ್ನು. ಅಲ್ಲಿಗೆ ಫೋಟೋನೂ ಕೆತ್ತುವವನ ಕೈಗೆ ಹೋಯಿತು, ಅಲ್ವಾ?

'ಯುದ್ಧದ ಕರಾಳ ಮುಖ', 'ಕಣ್ಣೀರಿನ ಕಡಲು', ಇವೆಲ್ಲ ತೆಗೆಯಿರಿ. ಜಾಸ್ತಿ ಆಯಿತು. ಎತ್ತಿ ತಂದ ಆ ಹೆಣದಿಂದಲೇ ಶುರು ಮಾಡಿ ಬರೆದು ಕಳಿಸಿ, ಮತ್ತೆ ಓದುತ್ತೇನೆ.